ನವೆಂಬರಿನ ಮಳೆಗೆ ಕಾಯುವ ಬೀಜ

ಕ್ಯಾಲಿಫೋರ್ನಿಯಾ ಪಾಪ್ಪಿಯ ಕಾಯಿ ಬಲಿತು ಒಣಗಿದ ದಿನ ಅದರ ಪಕ್ಕ ಸುಮ್ಮನೆ ಕೂತರೆ ಸದ್ದು ಕೇಳಿಸುತ್ತದೆ. ಬೆರಳುದ್ದದ ಸಪೂರ ಕಾಯಿ, ಮೈತುಂಬ ಉದ್ದ ಗೀರು. ಬಿಸಿಲು ಏರಿದಂತೆ ಬುಡದಿಂದ ಚಟ್ಟನೆ ಎರಡು ಹೋಳಾಗಿ ಸಿಡಿದು, ಸಣ್ಣ ಸಾಸಿವೆಯಷ್ಟಿರುವ ಬೀಜಗಳನ್ನು ಕೆಲವು ಅಡಿ ದೂರಕ್ಕೆ ಎರಚುತ್ತದೆ. ಅಂಗಳದಲ್ಲಿ ಒಣಹಾಕಿದ ಹರಳುಕಾಯಿ ಮಧ್ಯಾಹ್ನದ ಹೊತ್ತಿಗೆ ಸಿಡಿಯುವುದನ್ನು ಕೇಳಿ ಬೆಳೆದವರಿಗೆ ಈ ಸದ್ದು ಹೊಸದಲ್ಲ. ಒಣಗುವಾಗ ಸಿಪ್ಪೆಯಲ್ಲಿ ಬಿಗಿತ ಕೂಡುತ್ತಾ ಹೋಗಿ, ಕೊನೆಗೆ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಗಸಗಸೆಯ ಕುಟುಂಬದ ಗಿಡ ಇದು, ಆದರೆ ಅಫೀಮು ಕೊಡುವುದಿಲ್ಲ. 1816ರಲ್ಲಿ ರೂರಿಕ್ ಎಂಬ ರಷ್ಯನ್ ಹಡಗು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಬಂದಾಗ ಅದರಲ್ಲಿದ್ದ ಸಸ್ಯತಜ್ಞ ಶಮಿಸ್ಸೊ ಇದನ್ನು ಸಂಗ್ರಹಿಸಿದ. ಹಡಗಿನ ವೈದ್ಯನಾಗಿದ್ದ ತನ್ನ ಗೆಳೆಯ ಎಶ್‌ಶೋಲ್ಟ್ಸ್‌ನ ಹೆಸರನ್ನೇ ಇದಕ್ಕೆ ಇಟ್ಟ. 1903ರಿಂದ ಕ್ಯಾಲಿಫೋರ್ನಿಯಾದ ರಾಜ್ಯಪುಷ್ಪ.

ಬೀಜದ ಪೊಟ್ಟಣದ ಮೇಲೆ ‘ಬರ ತಡೆಯುವ ಗಿಡ’ ಎಂದಿರುತ್ತದೆ. ಹೇಗೆ ತಡೆಯುತ್ತದೆ ಎಂದು ತಿಳಿಯಬೇಕಾದರೆ ಅಲ್ಲಿನ ಮಳೆ ನೋಡಬೇಕು. ನಮ್ಮ ಲೆಕ್ಕಕ್ಕೆ ಅದು ತಲೆಕೆಳಗು: ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಹನಿ ಬಿದ್ದರೆ ಹೆಚ್ಚು. ಪಾಪ್ಪಿ ಮೊದಲ ಮಳೆಗೆ ಮೊಳೆತು, ಚಳಿಗಾಲವಿಡೀ ಬೇರಿಳಿಸಿ, ಮಾರ್ಚ್–ಏಪ್ರಿಲ್‌ನಲ್ಲಿ ಅರಳಿ, ಬೇಸಿಗೆ ಕಾಯುವ ಮೊದಲೇ ಬೀಜ ಉದುರಿಸುತ್ತದೆ. ಕರಾವಳಿಯಲ್ಲಾದರೆ ಬೇರು ಬದುಕುಳಿದು ಮತ್ತೆ ಚಿಗುರುವುದುಂಟು. ಒಳನಾಡಿನ ಒಣಭೂಮಿಯಲ್ಲಿ ಗಿಡ ಅಲ್ಲಿಗೆ ಸತ್ತೇ ಹೋಗುತ್ತದೆ. ಬರವನ್ನು ಎದುರಿಸುವ ಕೆಲಸವೆಲ್ಲ ಬೀಜದ ಪಾಲಿಗೆ. ಆ ಬೀಜಗಳೂ ಒಂದೇ ಮಳೆಗೆ ಒಟ್ಟಿಗೆ ಏಳುವುದಿಲ್ಲ. ಕೆಲವು ವರ್ಷಗಟ್ಟಲೆ ಮಣ್ಣಲ್ಲೇ ಮಲಗಿರುತ್ತವೆ. ಹಗೇವಿನ ಕಾಳನ್ನೆಲ್ಲ ಒಂದೇ ಹದಕ್ಕೆ ಚೆಲ್ಲಿಬಿಡದ ರೈತನ ಲೆಕ್ಕವೇ ಇದು. ಮೊಹಾವಿ ಮರುಭೂಮಿಯ ಅಂಚಿನ ಆ್ಯಂಟೆಲೋಪ್ ಕಣಿವೆ ಒಂದು ವರ್ಷ ಬೋಳಾಗಿದ್ದು, ಮಳೆ ಚೆನ್ನಾದ ಇನ್ನೊಂದು ವರ್ಷ ಗುಡ್ಡಕ್ಕೆ ಗುಡ್ಡವೇ ಕಿತ್ತಳೆಯಾಗುವುದು ಹೀಗೆ.

ಗಿಡದ ಈ ರೀತಿ ಗೊತ್ತಿಲ್ಲದೆ ಸ್ಯಾನ್ ಹೋಸೆಯ ನಮ್ಮ ಮನೆಯಲ್ಲಿ ಮೊದಲ ವರ್ಷ ಟೊಮೆಟೊ ಸಸಿ ಮಾಡುವಂತೆ ಟ್ರೇಯಲ್ಲಿ ಬೀಜ ಹಾಕಿದೆ. ಚೆನ್ನಾಗಿಯೇ ಮೊಳೆತವು. ಕಿತ್ತು ನೆಟ್ಟ ಮೂರನೇ ದಿನ ಒಂದೂ ಉಳಿಯಲಿಲ್ಲ. ಚಿತ್ರದುರ್ಗದಿಂದ ಬಂದಿದ್ದ ಅಮ್ಮ ಬಾಡಿದ ಸಸಿಯೊಂದನ್ನು ಬೆಳಕಿಗೆ ಹಿಡಿದು, “ತಾಯಿಬೇರೇ ಮುರಿದೈತಲ್ಲಪ್ಪ. ಇಂಥವನ್ನ ಕಿತ್ತು ನೆಡಬಾರ್ದು, ಇದ್ದಲ್ಲೇ ಬಿತ್ತಬೇಕು” ಅಂದಳು. ಗಿಡದ ಹೆಸರೇ ಗೊತ್ತಿರದ ಅವಳಿಗೆ ಬೇರು ನೋಡಿದ್ದೇ ಸಾಕಾಯಿತು.

ಮರುವರ್ಷ ಅಕ್ಟೋಬರ್ ಕೊನೆಗೆ, ಬಿಸಿಲು ಬೀಳುವ ಬರಡು ಜಾಗದ ಮಣ್ಣನ್ನು ಮೇಲೆ ಮೇಲೆ ಕೆದಕಿದೆವು. ಎಳ್ಳು ಬಿತ್ತುವಾಗಿನಂತೆ ಬೀಜಕ್ಕೆ ಮರಳು ಬೆರೆಸಿ ಎರಚಿ, ಕಾಲಿನಿಂದ ಒತ್ತಿದೆವು. ಮಣ್ಣು ಮುಚ್ಚಿದ್ದು ಮುಚ್ಚದಂತಿರಬೇಕು. ಗೊಬ್ಬರ ಬೇಡ, ಕೊಬ್ಬಿದ ಮಣ್ಣಿನಲ್ಲಿ ಸೊಪ್ಪು ಹೆಚ್ಚಿ ಹೂ ಕಡಿಮೆಯಾಗುತ್ತದೆ. ಎರಡು-ಮೂರು ವಾರಕ್ಕೆ ಮೊಳಕೆ ಬರುತ್ತದೆ, ಆಗ ಬಗ್ಗಿ ನೋಡಬೇಕು: ದಾರದಷ್ಟು ತೆಳುವಾದ ಒಂದೊಂದು ಬೀಜದಳವೂ ಕ್ಯಾಟರ್‌ಬಿಲ್ಲಿನ ಕವೆಯಂತೆ ತುದಿಯಲ್ಲಿ ಎರಡಾಗಿ ಸೀಳಿರುತ್ತದೆ. ಈ ಗುರುತು ತಿಳಿಯದವರು ಹುಲ್ಲೆಂದು ಕಿತ್ತೆಸೆಯುತ್ತಾರೆ. ಆಮೇಲೆ ಗೇಣಿಗೊಂದು ಗಿಡ ಉಳಿಸಿದರಾಯಿತು.

ಮೊಗ್ಗಿಗೆ ಚೂಪು ಕುಲಾವಿ. ಎರಡು ಪುಷ್ಪಪತ್ರಗಳು ಕೂಡಿ ಆದದ್ದು. ಒಳಗಿನ ನಾಲ್ಕು ಎಸಳು ಹಿಗ್ಗಿದಂತೆ ಅದು ಮೇಲಕ್ಕೆ ಜಾರಿ, ತುದಿಯಲ್ಲಿ ಗಳಿಗೆ ನಿಂತು, ಉದುರುತ್ತದೆ. ಎಸಳಿನ ರೇಷ್ಮೆ ಹೊಳಪು ಬರಿಯ ಬಣ್ಣದ್ದಲ್ಲ. ಮೇಲ್ಪದರದ ಜೀವಕೋಶಗಳಿಗೆ ಪಟ್ಟಕದಂಥ ಏಣುಗಳಿದ್ದು, ಬೆಳಕನ್ನು ಬಣ್ಣದ ಕಣಗಳತ್ತ ಕೂಡಿಸುತ್ತವೆ. ಮಕರಂದವಿಲ್ಲ, ಜೇನ್ನೊಣ ಬರುವುದು ಪರಾಗಕ್ಕೆ. ಸಂಜೆಯಾದರೆ, ಮೋಡ ಕವಿದರೆ ಹೂ ಮುಚ್ಚಿಕೊಳ್ಳುತ್ತದೆ.

ಈಗ ಜುಲೈ. ಪಾತಿಯಲ್ಲಿ ಒಣಕಡ್ಡಿ ಮಾತ್ರ ಇದೆ. ನೀರು ಹಾಕುತ್ತಿಲ್ಲ, ಅಗೆಯುವುದೂ ಇಲ್ಲ. ಸಿಡಿದ ಬೀಜ ಕಾಲುದಾರಿಯ ಕಲ್ಲುಸಂದಿಗೂ ಬಿದ್ದಿದೆ. ಅಮ್ಮ ಫೋನಿನಲ್ಲಿ ಕೇಳುತ್ತಾಳೆ: “ನಿಮ್ಮಲ್ಲಿ ಮಳೆ ಯಾವಾಗಪ್ಪ?”