ಹಂದಿಗೆ ಹನ್ನೆರಡು, ನಮಗೆ ಒಂದೇ ಏಕೆ?

ಹೆಣ್ಣು ಹಂದಿ ಸುಮಾರು 114 ದಿನ ಗರ್ಭ ಹೊತ್ತು ಒಂದೇ ಸೂಲಿಗೆ ಹತ್ತು ಹನ್ನೆರಡು ಮರಿ ಹಾಕುತ್ತದೆ. ನಮ್ಮ ತಾಯಂದಿರು ಒಂಬತ್ತು ತಿಂಗಳು ಹೊತ್ತರೂ ಸಾಮಾನ್ಯವಾಗಿ ಒಂದೇ ಮಗು. ಇದರ ಗುಟ್ಟನ್ನು ಹುಡುಕಿದ ವಿಜ್ಞಾನಿಗಳಿಗೆ ಮನುಷ್ಯರ ಬಗ್ಗೆಯೂ ತಿಳಿವಳಿಕೆ ದೊರೆತಿದೆ.

ನಮ್ಮ ಗುಣಲಕ್ಷಣಗಳ ಸೂಚನೆಗಳು ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ ಇರುತ್ತವೆ. ಇವು ವರ್ಣತಂತುಗಳ ಮೇಲೆ ಸಾಲಾಗಿ ಕುಳಿತಿರುತ್ತವೆ. ಮನುಷ್ಯನಿಗೆ 46 ವರ್ಣತಂತುಗಳಾದರೆ ಹಂದಿಗೆ 38. ಆದರೆ ಇಬ್ಬರಲ್ಲೂ ವಂಶವಾಹಿಗಳು ಸುಮಾರು 20 ಸಾವಿರ. ಹೆಚ್ಚಿನವು ಒಂದಕ್ಕೊಂದು ಹೋಲುತ್ತವೆ. ಇನ್ಸುಲಿನ್‌ನ 51 ಘಟಕಗಳಲ್ಲಿ ಹಂದಿಗೂ ನಮಗೂ ಇರುವ ವ್ಯತ್ಯಾಸ ಒಂದೇ ಒಂದು. ಆದ್ದರಿಂದಲೇ ಸಕ್ಕರೆ ಕಾಯಿಲೆಯವರಿಗೆ ಹಲವು ದಶಕ ಹಂದಿಯ ಇನ್ಸುಲಿನ್ ಕೊಡಲಾಗುತ್ತಿತ್ತು.

ಚೀನಾದ ಮೇಶಾನ್ ತಳಿಯ ಹಂದಿ ಯುರೋಪಿನ ತಳಿಗಳಿಗಿಂತ ಸೂಲಿಗೆ ಮೂರು ನಾಲ್ಕು ಮರಿ ಹೆಚ್ಚು ಹಾಕುತ್ತದೆ. ಇದಕ್ಕೂ ಈಸ್ಟ್ರೋಜೆನ್ ಹಾರ್ಮೋನನ್ನು ಗುರುತಿಸುವ ಗ್ರಾಹಕದ ವಂಶವಾಹಿಗೂ ನಂಟಿದೆಯೆಂದು 1996ರಲ್ಲಿ ಅಮೆರಿಕದ ಮ್ಯಾಕ್ಸ್ ರಾತ್‌ಶೈಲ್ಡ್ ಮತ್ತು ಸಂಗಡಿಗರು ತೋರಿಸಿದರು. ಹಂದಿಯ 1ನೇ ವರ್ಣತಂತುವಿನಲ್ಲಿರುವ ಈ ವಂಶವಾಹಿ ನಮ್ಮ 6ನೇ ವರ್ಣತಂತುವಿನಲ್ಲಿದೆ. ಆದರೆ ಬೇರೆ ತಳಿಗಳಲ್ಲಿ ಪರೀಕ್ಷಿಸಿದಾಗ ಎಲ್ಲ ಕಡೆಯೂ ಅದೇ ಫಲ ಕಾಣಲಿಲ್ಲ. ಸಂತಾನ ಒಂದೇ ವಂಶವಾಹಿಯ ಕೈಯಲ್ಲಿಲ್ಲ ಎಂಬುದು ಇಲ್ಲಿಯ ಪಾಠ.

ಇನ್ನೊಂದು ಉದಾಹರಣೆ ಎಫ್.ಎಸ್.ಎಚ್. ಹಾರ್ಮೋನು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಇದು ಅಂಡಾಶಯದಲ್ಲಿ ಅಂಡಾಣುಗಳನ್ನು ಬೆಳೆಸುತ್ತದೆ. ಹಂದಿ ಬೆದೆಗೆ ಬಂದಾಗ ಹದಿನೈದು ಇಪ್ಪತ್ತು ಅಂಡಾಣುಗಳು ಬಿಡುಗಡೆಯಾಗುತ್ತವೆ. ಸ್ತ್ರೀಯರಲ್ಲಿ ತಿಂಗಳಿಗೆ ಸಾಮಾನ್ಯವಾಗಿ ಒಂದೇ. ಎರಡು ಬಿಡುಗಡೆಯಾಗಿ ಎರಡೂ ಫಲಿತವಾದರೆ ಅವಳಿ ಮಕ್ಕಳು. ಇಂಥ ಅವಳಿಗಳ ತಾಯಂದಿರಲ್ಲಿ ಎಫ್.ಎಸ್.ಎಚ್.ಗೆ ಸಂಬಂಧಿಸಿದ ವಂಶವಾಹಿಯ ಒಂದು ರೂಪ ಹೆಚ್ಚಾಗಿ ಕಂಡುಬರುತ್ತದೆಂದು 2016ರಲ್ಲಿ ತಿಳಿಯಿತು. 'ನಮ್ಮ ವಂಶದಲ್ಲಿ ಅವಳಿ ಜಾಸ್ತಿ' ಎಂಬ ಹಿರಿಯರ ಮಾತಿನಲ್ಲಿ ಹುರುಳಿದೆ. ಆದರೆ ಒಂದೇ ಅಂಡಾಣು ಎರಡಾಗಿ ಹುಟ್ಟುವ ತದ್ರೂಪಿ ಅವಳಿಗಳು ಸಾಮಾನ್ಯವಾಗಿ ವಂಶದಿಂದ ಬರುವುದಿಲ್ಲ.

ಹಾಗಾದರೆ ಮಾತ್ರೆ ನುಂಗಿ ಅವಳಿ ಪಡೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಹಂದಿಯ ಗರ್ಭಕೋಶಕ್ಕೆ ಎರಡು ಉದ್ದನೆಯ ಕೊಂಬುಗಳಿದ್ದು ಮರಿಗಳು ಸಾಲಾಗಿ ಬೆಳೆಯಲು ಜಾಗವಿದೆ. ನಮ್ಮ ತಾಯಂದಿರ ಗರ್ಭಕೋಶ ಒಂದು ಮಗುವಿಗೆ ತಕ್ಕಂತಿದೆ. ಅವಳಿ ಗರ್ಭದಲ್ಲಿ ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಶಿಶು, ತಾಯಿಗೆ ರಕ್ತದೊತ್ತಡ ಮುಂತಾದ ಅಪಾಯಗಳು ಹೆಚ್ಚು. ಅಂಡಾಣು ಬೆಳೆಸುವ ಔಷಧಿಗಳನ್ನು ತಜ್ಞರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು.

ಇನ್ನೊಂದು ಮಾತು. ಮಗುವಾಗಲಿಲ್ಲವೆಂದು ಸೊಸೆಯನ್ನು ದೂರುವ ಮನೆಗಳು ಇಂದಿಗೂ ಇವೆ. ಆದರೆ ಅರ್ಧಕ್ಕೆ ಸಮೀಪದಷ್ಟು ಪ್ರಕರಣಗಳಲ್ಲಿ ಗಂಡನಲ್ಲಿಯೂ ಕಾರಣವಿರುತ್ತದೆ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಿರಿ. ಗಂಡನ ವೀರ್ಯ ಪರೀಕ್ಷೆ ಬಹಳ ಸುಲಭ. ಅದನ್ನು ಮೊದಲೇ ಮಾಡಿಸಿದರೆ ಹೆಂಡತಿಗೆ ಎಷ್ಟೋ ಅನಗತ್ಯ ತಪಾಸಣೆ, ಅದಕ್ಕಿಂತ ಹೆಚ್ಚಾಗಿ ಕಣ್ಣೀರು, ತಪ್ಪುತ್ತದೆ.