‘ಒಲ್ಲೆ’ ಅಂದರೆ ತಪ್ಪೇನು? ಲೆಕ್ಕಕ್ಕಿಲ್ಲದ ಕೆಲಸ ಮತ್ತು ಮಹಿಳೆ

(ಆನ್‌ಲೈನ್ ವಿಚಾರ ಸಂಕಿರಣದ ಮಾತುಗಳ ಬರಹರೂಪ)

 

ಆದೋನಿ, ಹೊಳಗುಂದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯನ್ನು ಊಹಿಸಿಕೊಳ್ಳಿ. ತೆಲುಗಿನಲ್ಲಿ ಬಂದ ಸುತ್ತೋಲೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು, ವಾರ್ಷಿಕೋತ್ಸವಕ್ಕೆ ರಂಗೋಲಿ ಹಾಕಿಸಬೇಕು, ಸಭೆಯ ವರದಿ ಬರೀಬೇಕು. “ನಿಮ್ಮ ಅಕ್ಷರ ದುಂಡಗೈತ್ರಿ ಮೇಡಂ, ನೀವೇ ಬರೀರಿ” ಅಂತಾರೆ. ಹೊಗಳಿಕೆಯ ಮಾತು, ಒಲ್ಲೆ ಅನ್ನೋಕಾಗಲ್ಲ. ಆದರೆ ಬಡ್ತಿಯ ವೇಳೆ ಈ ಕೆಲಸ ಯಾರ ಲೆಕ್ಕಕ್ಕೂ ಬರೋದಿಲ್ಲ.

ಇದು ಸ್ವಭಾವವೇ? ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯೇ ಹೇಳುತ್ತವೆ. ಮೂವರ ಗುಂಪಿನಲ್ಲಿ ಒಬ್ಬರು ಮುಂದೆ ಬಂದರೆ ಎಲ್ಲರಿಗೂ ಲಾಭ, ಬಂದವರಿಗೆ ಮಾತ್ರ ಕಡಿಮೆ ಹಣ. ಮಿಶ್ರ ಗುಂಪಿನಲ್ಲಿ ಮಹಿಳೆಯರು ಪುರುಷರಿಗಿಂತ ಶೇ. 48ರಷ್ಟು ಹೆಚ್ಚು ಬಾರಿ ಮುಂದೆ ಬಂದರು. ಬರೀ ಪುರುಷರ ಗುಂಪು, ಬರೀ ಮಹಿಳೆಯರ ಗುಂಪು ಮಾಡಿದಾಗ ಈ ಅಂತರವೇ ಇಲ್ಲವಾಯಿತು. ‘ಯಾರನ್ನಾದರೂ ಕೇಳಿ’ ಅಂದಾಗ ಮಹಿಳೆಯರನ್ನು ಶೇ. 44ರಷ್ಟು ಹೆಚ್ಚು ಕೇಳಲಾಯಿತು. ಕೇಳಿದವರಲ್ಲಿ ಹೆಂಗಸರೂ ಇದ್ದರು. ಅಂದರೆ, ‘ಅವಳು ಮಾಡ್ತಾಳೆ ಬಿಡು’ ಅನ್ನುವ ಎಲ್ಲರ ನಿರೀಕ್ಷೆಯೇ ಇಲ್ಲಿ ಕೆಲಸ ಮಾಡುತ್ತದೆ. ಅಪರಾಧಿ ಭಾವ ಹುಟ್ಟೋದೂ ಅಲ್ಲಿಂದಲೇ.

ಈ ನಿರೀಕ್ಷೆ ಇಡೀ ಉದ್ಯೋಗವನ್ನೇ ಆವರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಂಗನವಾಡಿ ಉದಾಹರಣೆ. ಅವರ ದುಡಿಮೆಗೆ ‘ಸೇವೆ’ ಎಂದು ಹೆಸರು, ಸಂಬಳಕ್ಕೆ ‘ಗೌರವಧನ’ ಎಂದು ಹೆಸರು. ಆಂಧ್ರದಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 11,500 ರೂಪಾಯಿ ಇದ್ದಾಗ, 2023ರ ಡಿಸೆಂಬರ್ 12ರಿಂದ ರಾಜ್ಯದಾದ್ಯಂತ ಮುಷ್ಕರ ನಡೆಯಿತು. ಮುಖ್ಯ ಬೇಡಿಕೆ ವೇತನ, ಗ್ರಾಚ್ಯುಟಿ. ಜನವರಿಯಲ್ಲಿ ಸರ್ಕಾರ ಎಸ್ಮಾ ಜಾರಿ ಮಾಡಿತು. ಆದರೂ ಮುಷ್ಕರ 42 ದಿನ ನಡೆಯಿತು. ಒಬ್ಬಳೇ ‘ಒಲ್ಲೆ’ ಅಂದಿದ್ದರೆ ಮಕ್ಕಳ ಮೇಲೆ ಕರುಣೆ ಇಲ್ಲದವಳು ಅನ್ನಿಸಿಕೊಳ್ಳುತ್ತಿದ್ದಳು. ಎಲ್ಲರೂ ಸೇರಿ ಅಂದಾಗ ಅದು ಹಕ್ಕಿನ ಮಾತಾಯಿತು.

ಶಿಕ್ಷಕರಿಗೆ ಕಾನೂನಿನ ಆಸರೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಅವರನ್ನು ಹಚ್ಚುವಂತಿಲ್ಲ. ಆದರೆ ಸ್ಟಾಫ್ ರೂಮಿನೊಳಗಿನ ಹಂಚಿಕೆಯನ್ನು ಈ ಕಲಂ ಮುಟ್ಟುವುದಿಲ್ಲ. ಅಲ್ಲಿ ಬೇಕಾದದ್ದು ಪಾಳಿ ಪಟ್ಟಿ: ಯಾರು, ಯಾವ ತಿಂಗಳು, ಯಾವ ಕೆಲಸ ಎಂದು ಬರೆದು ಗೋಡೆಗೆ ಅಂಟಿಸುವುದು. ಪಟ್ಟಿ ಇದ್ದರೆ ‘ಒಲ್ಲೆ’ ಅನ್ನುವ ಪ್ರಸಂಗವೇ ಕಡಿಮೆಯಾಗುತ್ತದೆ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದರು: “ಮೇಡಂ, ಹೊಸದಾಗಿ ಸೇರಿದವಳು ಪಟ್ಟಿ ಮಾಡ್ರಿ ಅಂತ ಹೆಂಗ ಹೇಳ್ಬೇಕು?”

ಕಾರಣ, ಕ್ಷಮೆ ಎರಡೂ ಬೇಡಮ್ಮ. ಇಷ್ಟು ಹೇಳಿದರೆ ಸಾಕು: “ಈ ತಿಂಗಳ ವರದಿ ನಾ ಬರದೀನ್ರಿ ಸರ್, ಮುಂದಿನ ತಿಂಗಳು ಯಾರ ಪಾಳಿ?”