ಧ್ವನಿವರ್ಧಕದ ಒಡಲು

ರೇಡಿಯೋ, ದೂರದರ್ಶನಗಳಿಂದ ನಾವು ಕೇಳುವ ಧ್ವನಿಗೆ ಬಾಯಿಯಾಗಿರುವುದು ಸಾಮಾನ್ಯವಾಗಿ ಕಾಗದದ ಒಂದು ಶಂಕು. ಅದರ ಹಿಂಬದಿಗೆ ತಾಮ್ರದ ತಂತಿಯ ಸುರುಳಿಯನ್ನು ಅಂಟಿಸಿ, ಆ ಸುರುಳಿ ಕಾಂತವೊಂದರ ಕಿರಿದಾದ ಸಂದಿನಲ್ಲಿ ಆಡುವಂತೆ ತೂಗಬಿಟ್ಟಿರುತ್ತಾರೆ. ಧ್ವನಿಗೆ ಅನುಗುಣವಾಗಿ ಏರಿಳಿಯುವ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಕಾಂತಬಲವು ಅದನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತದೆ; ಅದರೊಡನೆ ಚಲಿಸುವ ಶಂಕು ಗಾಳಿಯನ್ನು ಕಂಪಿಸುತ್ತದೆ. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಎಂಜಿನಿಯರುಗಳು 1925ರಲ್ಲಿ ವಿವರಿಸಿದ ಈ ರಚನೆಯೇ ಇಂದಿಗೂ ಬಹುಪಾಲು ಧ್ವನಿವರ್ಧಕಗಳ ಮೂಲರೂಪ.

ಶಂಕುವನ್ನು ಪೆಟ್ಟಿಗೆಯಿಂದ ಹೊರತೆಗೆದು ಬರಿದೇ ನುಡಿಸಿದರೆ ಮೃದಂಗದ ಎಡಮುಖದ ಗಂಭೀರ ನಾದ ಬಹುಮಟ್ಟಿಗೆ ಮಾಯವಾಗುತ್ತದೆ. ಏಕೆ? ಶಂಕು ಮುಂದೆ ಸರಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಸೆಕೆಂಡಿಗೆ 100 ಕಂಪನಗಳ ಸ್ವರದ ಅಲೆಯ ಉದ್ದ ಸುಮಾರು 3.4 ಮೀಟರು. ಇಷ್ಟು ನೀಳವಾದ ಅಲೆಗಳು ಅಂಗೈಯಗಲದ ಶಂಕುವಿನ ಅಂಚನ್ನು ಸುಲಭವಾಗಿ ಬಳಸಿಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟಿಗೆಯು ಹಿಂಬದಿಯ ಅಲೆಯನ್ನು ತನ್ನೊಳಗೇ ಸೆರೆಹಿಡಿಯುತ್ತದೆ. ತಂಬೂರಿಯ ಬುರುಡೆಯಂತೆ ಈ ಪೆಟ್ಟಿಗೆಯೂ ನಾದಕ್ಕೆ ಮಿಡಿಯಬೇಕೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ, ಇದರ ಗೋಡೆಗಳು ಎಷ್ಟು ನಿಶ್ಚಲವಾಗಿದ್ದರೆ ಧ್ವನಿ ಅಷ್ಟು ಶುದ್ಧ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ ಗ್ರಹಿಸಬಲ್ಲುದು. ಮಂದ್ರಕ್ಕೆ ಬಹಳ ಗಾಳಿಯನ್ನು ತಳ್ಳುವ ದೊಡ್ಡ ಶಂಕು ಬೇಕು. ಆದರೆ ಅಂತಹ ಭಾರವಾದ ಶಂಕು ಸೆಕೆಂಡಿಗೆ 10,000 ಸಲ ಅದಿರಲಾರದು. ಆದುದರಿಂದ ಒಳ್ಳೆಯ ಪೆಟ್ಟಿಗೆಗಳಲ್ಲಿ ದೊಡ್ಡ ವೂಫರ್ ಮತ್ತು ಪುಟ್ಟ ಟ್ವೀಟರ್ ಎರಡೂ ಇರುತ್ತವೆ. ನಾಯಿಯ ಬೊಗಳುವಿಕೆ, ಹಕ್ಕಿಯ ಚಿಲಿಪಿಲಿಗಳಿಂದ ಬಂದ ಹೆಸರುಗಳಿವು! ಸ್ವರಗಳನ್ನು ಇವೆರಡಕ್ಕೂ ಹಂಚಿಕೊಡುವ ಮಂಡಲಕ್ಕೆ ಕ್ರಾಸ್‌ಓವರ್ ಎಂದು ಹೆಸರು.

ಪೆಟ್ಟಿಗೆಯ ಬೆನ್ನಿನ ಮೇಲೆ ಮುದ್ರಿಸಿದ ವಾಟ್ ಸಂಖ್ಯೆಗೆ ಮರುಳಾಗುವವರು ಬಹಳ. ಅದು ಧ್ವನಿವರ್ಧಕವು ತಾಳಿಕೊಳ್ಳಬಲ್ಲ ವಿದ್ಯುತ್ತಿನ ಮಿತಿ. ಹೊಮ್ಮುವ ಧ್ವನಿಯ ಅಳತೆಯಲ್ಲ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಕೇಳುವುದೆಂಬುದನ್ನು ಸಂವೇದನೆ ಎನ್ನುತ್ತಾರೆ. ವಾಟ್ ಇಮ್ಮಡಿಯಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಹೀಗಾಗಿ 90 ಡೆಸಿಬೆಲ್ ಸಂವೇದನೆಯ ಧ್ವನಿವರ್ಧಕ 10 ವಾಟ್‌ನಲ್ಲಿ ಮಾಡುವ ಸದ್ದಿಗೆ 87 ಡೆಸಿಬೆಲ್ಲಿನದು 20 ವಾಟ್ ಬೇಡುತ್ತದೆ.